ಕೊನೆಯ ಕಾವು ಹಾಸಿಗೆಗೆ

ನಮ್ಮ ಅತ್ತೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚನ್ನು ಬಟ್ಟೆ ಮುಗಿಯುವ ಮೊದಲೇ ಆರಿಸಿಬಿಡುತ್ತಿದ್ದರು. ದಪ್ಪ ಪ್ಯಾಂಟುಗಳು ಮೊದಲು, ಆಮೇಲೆ ಅಂಗಿಗಳು. ಸ್ವಿಚ್ಚು ಆರಿಸಿದ ಮೇಲೆ ದಿಂಬಿನ ಚೀಲಗಳು, ಎಲ್ಲಕ್ಕಿಂತ ಕೊನೆಗೆ ಕರವಸ್ತ್ರಗಳು. "ಮೂಗು ಒರೆಸೋ ಬಟ್ಟೆಗೆ ಇಷ್ಟು ಬಿಸಿ ಸಾಕು" ಎನ್ನುತ್ತಿದ್ದರು. ಅಲ್ಲಿಗೂ ಬಿಡುತ್ತಿರಲಿಲ್ಲ. ವೈರು ಸುತ್ತಿ, ಪೆಟ್ಟಿಗೆಯನ್ನು ಒಳಕೋಣೆಗೆ ತಂದು, ನಮ್ಮ ಹಾಸಿಗೆಯ ಮೇಲೆ ಕಾಲು ಚಾಚುವ ಕಡೆ ಒಂದು ಸಲ ಎಳೆದು, ತಕ್ಷಣ ರಗ್ಗು ಮುಚ್ಚುತ್ತಿದ್ದರು.

"ಕೊನೇ ಕಾವು ಹಾಸಿಗೆಗೆ." ನಮ್ಮ ಮನೆಯ ಕಾನೂನು ಇದು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಗು. "ಅತ್ತೆ, ಹಾಸಿಗೆಗೂ ಇಸ್ತ್ರಿನಾ? ಅದು ಯಾರ ಮದುವೆಗೆ ಹೊರಟಿದೆ?"

"ಮಲಗಿ ನೋಡು. ಆಮೇಲೆ ನಗು."

ಮಲಗಿ ನೋಡಿದೆ. ನಗುವುದಿರಲಿ, ಅವರು ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಅವರು ಹರೆಯದಿಂದಲೂ ಒಂದು ಲಾಂಡ್ರಿಯ ಹಿಂಕೋಣೆಯಲ್ಲಿ ನಿಂತು ಇಸ್ತ್ರಿ ಮಾಡಿದವರು. ಗಂಡ ತೀರಿಕೊಂಡ ಮೇಲೆ ಮಗನನ್ನು ಅದೇ ಮೇಜಿನ ಕೆಳಗೆ ಬಟ್ಟೆಗಂಟುಗಳ ನಡುವೆ ಮಲಗಿಸಿ ಸಾಕಿದರು. ಆ ಮಗನೇ ನನ್ನ ಗಂಡ. "ನಾನು ಊರವರ ಬಟ್ಟೆ ಹೊದ್ದು ದೊಡ್ಡವನಾದೆ" ಎಂದು ಈಗಲೂ ಹೇಳುತ್ತಾರೆ. ಕಾಲಿನ ನರ ಉಬ್ಬಿ ಲಾಂಡ್ರಿ ಬಿಟ್ಟ ಮೇಲೆ ಅತ್ತೆ ನಮ್ಮ ಕಟ್ಟಡದ ಮನೆಗಳ ಬಟ್ಟೆ ತಂದು ಇಲ್ಲೇ ಇಸ್ತ್ರಿ ಮಾಡುತ್ತಿದ್ದರು. ಬಿಸಿ ತಿಂದೂ ತಿಂದೂ ಅವರ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಬಿಸಿ ಯಾವುದು, ತಣ್ಣಗಿರುವುದು ಯಾವುದು, ಆ ಕೈಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ಎಲ್ಲವನ್ನೂ ಎಡಗೆನ್ನೆಯಿಂದ ಕೇಳುತ್ತಿದ್ದರು. ಪೆಟ್ಟಿಗೆ ಕಾದಿದೆಯೇ ಎಂದು ಕೆನ್ನೆಯ ಹತ್ತಿರ ಹಿಡಿಯುವುದು, ಹಾಲಿನ ಲೋಟವನ್ನು ಕೆನ್ನೆಗೊತ್ತುವುದು, ಜ್ವರ ಬಂದವರ ಹಣೆಗೆ ಕೆನ್ನೆಯಿಡುವುದು.

"ನನ್ನ ಕೈ ಮುದುಕಿ ಆಗೋಯ್ತು ಕಣೇ. ಕೆನ್ನೆ ಮಾತ್ರ ಇನ್ನೂ ಹುಡುಗಿ."

ಈ ಸಲ ಚಳಿಗಾಲ ಕಾಲಿಡುವಾಗ ನನಗೆ ಮಗ ಹುಟ್ಟಿದ, ದಿನ ತುಂಬುವ ಮೊದಲೇ. ಕೈಕಾಲು ಕಡ್ಡಿ, ಅಳುವುದಕ್ಕೂ ತ್ರಾಣವಿಲ್ಲ. ಅತ್ತೆ ಅವನನ್ನು ನೋಡಿದ್ದೇ, "ಬಂದ್ರಪ್ಪಾ ನಮ್ಮ ಪೈಲ್ವಾನ್ರು!" ಎಂದರು. ಹೆಸರು ಅದೇ ನಿಂತಿತು. ಮಗುವನ್ನು ಬೆಚ್ಚಗಿಟ್ಟುಕೊಂಡರೆ ಬದುಕುತ್ತದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಅದೇ ಹೊತ್ತಿಗೆ ಮುದ್ರಣಾಲಯದಲ್ಲಿ ನನ್ನವರಿಗೆ ವಾರದ ಅರ್ಧದಷ್ಟು ದಿನ ಮಾತ್ರ ಕೆಲಸ ಎಂದಾಯಿತು. ಮನೆಯಲ್ಲಿ ಹೀಟರ್ ಇತ್ತು. ಅದನ್ನು ಹಚ್ಚುವ ಧೈರ್ಯ ಇರಲಿಲ್ಲ.

"ಸಾಲ ಮಾಡಿಯಾದ್ರೂ ಹಚ್ಚೋಣಮ್ಮ" ಎಂದರು ಇವರು.

"ಸುಮ್ನಿರೋ. ಶಾಖ ದುಡ್ಡು ಕೊಟ್ರೆ ಸಿಗುತ್ತೆ. ಕಾವು ಕೂತು ಕೊಡಬೇಕು. ಕೋಳಿಗೆ ಯಾರು ಹೀಟರ್ ತಂದುಕೊಟ್ಟಿದ್ರು?"

ಅವತ್ತಿನಿಂದ ಮನೆ ಅತ್ತೆಯ ಕೈಗೆ ಹೋಯಿತು. ಬೀದಿ ಕಡೆಯ ಕೋಣೆಯನ್ನು ಮುಚ್ಚಿ, ಅಡುಗೆಮನೆಗೆ ಅಂಟಿದ ಒಳಕೋಣೆಯಲ್ಲೇ ಎಲ್ಲರೂ ಉಳಿದೆವು. ಕೆಳಗಿನ ಮಹಡಿಯ ದರ್ಜಿಯ ಹತ್ತಿರ ಚಿಂದಿ ಕೇಳಿ ತಂದು, ಹಳೆಯ ಪ್ಯಾಂಟಿನ ಕಾಲಿಗೆ ತುಂಬಿ, ಎರಡೂ ತುದಿ ಹೊಲಿದು ಬಾಗಿಲ ಸಂದಿಗೆ ಅಡ್ಡ ಮಲಗಿಸಿದರು. ದರ್ಜಿ ಹತ್ತಿ ಬಂದು ನೋಡಿ, "ಏನಜ್ಜಿ, ಹೆಬ್ಬಾವು ಸಾಕಿದೀರಾ?" ಎಂದ. "ಹ್ಞೂಂ, ಬಾಕಿ ಕೇಳೋಕೆ ಬರೋರನ್ನ ನುಂಗಲಿ ಅಂತ" ಎಂದರು. ಕಿಟಕಿಯ ಪರದೆ ಬಿಸಿಲಿದ್ದಷ್ಟು ಹೊತ್ತು ತೆರೆದಿರಬೇಕು; ಬಿಸಿಲು ಎದುರು ಮನೆಯ ಗೋಡೆಗೆ ಏರಿತೋ, ಎಳೆದುಬಿಡಬೇಕು. ಹಾಸಿಗೆಯ ಕೆಳಗೆ ಹಳೆಯ ಪೇಪರು. ಅಡುಗೆಯಾದ ಒಲೆಯ ಮೇಲೆ ನೀರಿನ ಪಾತ್ರೆ. ಬೆಚ್ಚಗಾದ ಆ ನೀರನ್ನೇ ಒಂದು ಕುದಿ ಕುದಿಸಿ, ತಣ್ಣೀರು ಬೆರೆಸಿ ಸ್ಟೀಲ್ ಬಾಟಲಿಗೆ ಸುರಿದು, ಹದವಾಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿ, ಬಾಟಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಮಗುವಿನ ಕಾಲ ಬಳಿ ಇಡುವುದು. ಬೆಳಗ್ಗೆ ಅದೇ ನೀರಲ್ಲಿ ನಮ್ಮ ಮುಖ, ಆಮೇಲೆ ಅದರಲ್ಲೇ ಮಗುವಿನ ಬಟ್ಟೆ, ಕೊನೆಗೆ ನೆಲ. "ಆ ನೀರಿಗೆ ಮೋಕ್ಷ ಯಾವಾಗಮ್ಮ?" ಎಂದು ಇವರು ರೇಗಿಸುತ್ತಿದ್ದರು.

ಇಷ್ಟೆಲ್ಲ ಮಾಡಿ ಉಳಿದ ಹೊತ್ತಿನಲ್ಲಿ ಅತ್ತೆ ತಮ್ಮ ಅಗಲವಾದ ಕಂದು ಸ್ವೆಟರಿನ ಒಳಗೆ ಪೈಲ್ವಾನನನ್ನು ಎದೆಗೆ ಅಂಟಿಸಿಕೊಂಡು ಕೂರುತ್ತಿದ್ದರು. ಕುತ್ತಿಗೆಯ ಹತ್ತಿರ ಅವನ ತಲೆಯಷ್ಟೇ ಕಾಣುತ್ತಿತ್ತು. ಹಾಗೆ ಕೂತೂ ಕೂತೂ ಅವನ ಕೆನ್ನೆ ತುಂಬಿಕೊಂಡಿತು. ತೂಕ ನೋಡಿದ ಡಾಕ್ಟರಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಾಗ ನಾನು ಅತ್ತೆಯನ್ನು ತೋರಿಸಿದೆ. ಅವರು ನಾಚಿ ಸೆರಗು ಸರಿಮಾಡಿಕೊಂಡರು.

ಆಮೇಲೆ ಅವರ ಹಲ್ಲು ನೋವು ಶುರುವಾಯಿತು. ಮೇಲಿನ ದವಡೆಯ ಎಡಗಡೆ ಹಲ್ಲು. ಖರ್ಚು ಯಾಕೆ ಎಂದು ಲವಂಗ ಕಚ್ಚಿಕೊಂಡೇ ತಳ್ಳಿದರು. ಮುಖ ಊದಿದಾಗ ಇವರು ಬಲವಂತವಾಗಿ ಕರೆದುಕೊಂಡು ಹೋಗಿ ಕೀಳಿಸಿದರು. ಸಂಜೆ ಮನೆಗೆ ಬಂದ ಅತ್ತೆಯ ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಇಂಜೆಕ್ಷನ್ನಿಗೆ ತುಟಿಯಿಂದ ಕಣ್ಣಿನ ಕೆಳಗಿನವರೆಗೂ ಮರಗಟ್ಟಿತ್ತು. ಹತ್ತಿ ಕಚ್ಚಿಕೊಂಡೇ ನನಗೆ ಮಲಗು ಎಂದು ಸನ್ನೆ ಮಾಡಿ, ಬಾಟಲಿಗೆ ನೀರು ಸುರಿದರು. ಯಾವಾಗಿನ ಹಾಗೆ ಬಾಟಲಿಯನ್ನು ಎತ್ತಿ ಎಡಗೆನ್ನೆಗೆ ಒತ್ತಿಕೊಂಡರು. ಬಿಸಿ ಸಾಲದು ಅನಿಸಿರಬೇಕು, ಇನ್ನಷ್ಟು ಕುದಿನೀರು ಸೇರಿಸಿದರು. ಮತ್ತೆ ಕೆನ್ನೆಗೆ ಒತ್ತಿ ನೋಡಿ, ಉಣ್ಣೆಯ ಚೀಲ ತೊಡಿಸಿ, ಮಗುವಿನ ಕಾಲ ಬಳಿ ಇಟ್ಟರು.

ಅವನು ಕಿರುಚಿದ್ದಕ್ಕೆ ನಾನು ರಗ್ಗು ಎಳೆದೆ. ಹಿಮ್ಮಡಿ ಕೆಂಡದಂತಿತ್ತು. ತಣ್ಣೀರು ಹಾಕುವಷ್ಟರಲ್ಲಿ ಗುಳ್ಳೆ ಎದ್ದಿತು. ದೀಪದ ಬೆಳಕಲ್ಲಿ ನೋಡಿದರೆ ಅತ್ತೆಯ ಕೆನ್ನೆಯ ಮೇಲೂ ಬಾಟಲಿಯ ಗುಂಡನೆಯ ಅಚ್ಚು. ಅದು ಉರಿಯುತ್ತಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಡಾಕ್ಟರಮ್ಮ ಮುಲಾಮು ಕೊಟ್ಟು, ಸಣ್ಣ ಗಾಯ, ಮಾಯುತ್ತದೆ ಎಂದರು. ಮಾಯಿತು ಕೂಡ. ಆದರೆ ಅತ್ತೆ ತಮ್ಮ ಹಾಸಿಗೆ ಸುತ್ತಿಕೊಂಡು, ನಾವು ಮುಚ್ಚಿಟ್ಟಿದ್ದ ಬೀದಿ ಕಡೆಯ ಕೋಣೆಗೆ ಹೋಗಿಬಿಟ್ಟರು.

"ಒಳಗೆ ನಂಗೆ ಉಸಿರು ಕಟ್ಟುತ್ತೆ."

"ಸುಳ್ಳು ಹೇಳಬೇಡಿ ಅತ್ತೆ. ಬನ್ನಿ. ತಾಯಿಕೋಳಿ ತುಳಿದು ಮರಿ ಸತ್ತಿದ್ದು ಎಲ್ಲಾದ್ರೂ ಉಂಟಾ?"

"ಸಾಯಲ್ಲ. ಆದ್ರೆ ತುಳಿದ ಕೋಳಿಗೆ ಗೊತ್ತಿರುತ್ತಲ್ಲ."

ಇಸ್ತ್ರಿ, ಪರದೆ, ಪಾತ್ರೆ, ಹೆಬ್ಬಾವು ಎಲ್ಲ ಮೊದಲಿನಂತೆ ನಡೆಯಿತು. ಕೊನೆಯ ಕಾವೂ ನಮ್ಮ ಹಾಸಿಗೆಗೇ ಬಂತು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಅವನು ಆಗಷ್ಟೇ ಮುಖ ಗುರುತಿಸಲು ಕಲಿತಿದ್ದ. ಕಂದು ಸ್ವೆಟರು ಕಂಡರೆ ಕೈಕಾಲು ಬಡಿಯುತ್ತಿದ್ದ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. "ಏನ್ರೀ ಪೈಲ್ವಾನ್ರೇ, ಕುಸ್ತಿ ಯಾವಾಗ?" ಎಂದು ದೂರದಿಂದಲೇ ಕೇಳಿ ಹೋಗುತ್ತಿದ್ದರು. ಒಂದು ದಿನ ನಾನು ಬೇಕೆಂದೇ, ಹಾಲು ಉಕ್ಕುತ್ತಿದೆ, ಒಂದು ಗಳಿಗೆ ಹಿಡಿದುಕೊಳ್ಳಿ ಎಂದು ಮಗುವನ್ನು ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಒಲೆ ಆರಿಸಿದರು.

ಅವರು ಮತ್ತೊಮ್ಮೆ ಅವನನ್ನು ಎತ್ತಿಕೊಳ್ಳಬೇಕು. ಈ ಚಳಿಗಾಲದಲ್ಲಿ ನನಗೆ ಬೇಕಿದ್ದುದು ಅದೊಂದೇ.

ಚಳಿ ಇಳಿಯುವ ಹೊತ್ತಿಗೆ ಅತ್ತೆಗೆ ಕೆಮ್ಮು ಹಿಡಿಯಿತು. ಕೆಮ್ಮು ಕಫವಾಯಿತು, ಜ್ವರವಾಯಿತು. ಆಸ್ಪತ್ರೆಯಲ್ಲಿ ಎದೆಯಲ್ಲಿ ನೀರು ತುಂಬಿದೆ, ಹೃದಯವೂ ಸೋತಿದೆ ಎಂದರು. ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಇವರನ್ನು ಪಕ್ಕಕ್ಕೆ ಕರೆದು ಹೇಳಿದರು. ಆ ಕೋಣೆಯ ಚಳಿಯಿಂದಲೇ ಹೀಗಾಯಿತೇ ಎಂದು ನಾವು ಕೇಳಲಿಲ್ಲ. ಕೇಳಿ ಏನು ಮಾಡುವುದು?

ಒಳಕೋಣೆಯಲ್ಲೇ ಅವರ ಹಾಸಿಗೆ ಹಾಸಿದೆವು. ಇವರು ಹೀಟರ್ ಹಚ್ಚಿದರು. ಅತ್ತೆ ಅದನ್ನೇ ನೋಡುತ್ತಾ, "ಯಾರಪ್ಪ ಈ ನೆಂಟ್ರು? ಎಷ್ಟು ದಿನ ಇರ್ತಾರೆ?" ಎಂದರು. ಇವರು ನಗಲು ಹೋಗಿ, ಎದ್ದು ಹೊರಗೆ ಹೋದರು.

ಸಂಜೆ ನಾನು ಪೈಲ್ವಾನನನ್ನು ಎತ್ತಿಕೊಂಡು ಅವರ ಪಕ್ಕ ಕುಳಿತೆ. ಅವರು ಗೋಡೆ ಕಡೆ ತಿರುಗಿದರು, ಕೈಗಳನ್ನು ರಗ್ಗಿನ ಒಳಗೆ ಎಳೆದುಕೊಂಡರು. ಅವನ ಒಂದು ಕಾಲುಚೀಲ ಎಂದಿನಂತೆ ಎಲ್ಲೋ ಬಿದ್ದುಹೋಗಿತ್ತು. ಬರಿಗಾಲು ಅದೇ, ಹಿಮ್ಮಡಿಯಲ್ಲಿ ಕಲೆ ಇರುವುದು. ಅದನ್ನು ಹಿಡಿದು ಅವರ ಕೆನ್ನೆಗೆ ಒತ್ತಿದೆ.

ಅವರು ಕಣ್ಣು ಮುಚ್ಚಿಯೇ ಇದ್ದರು. ಆಮೇಲೆ ತಟ್ಟನೆ ತೆರೆದರು.

"ಐಸ್ ಥರ ಇದೆಯಲ್ಲೇ ಇದು! ಕಾಲುಚೀಲ ಎಲ್ಲಿ? ಈ ಮನೇಲಿ ಕಣ್ಣಿರೋರು ಯಾರೂ ಇಲ್ವಾ?"

"ಒದ್ದು ಒದ್ದು ಕಳಚಿಹಾಕ್ತಾನೆ ಅತ್ತೆ."

"ಕಳಚಿಹಾಕ್ತಾನಂತೆ! ಕೊಡು ಇಲ್ಲಿ."

ರಗ್ಗು ಎತ್ತಿದರು. ಸ್ವೆಟರಿನ ಒಳಗೆ ಅವನು ಈಗ ಹಿಡಿಸುತ್ತಿರಲಿಲ್ಲ. ಅದರ ಮೇಲೆಯೇ ಎದೆಗವುಚಿ ಮಲಗಿಸಿದೆ. ಅವನು ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿದ. ಅವರ ಒರಟು ಅಂಗೈ ಹುಡುಕುತ್ತಾ ಹೋಗಿ ಆ ಹಿಮ್ಮಡಿಯನ್ನು ಮುಚ್ಚಿತು.

"ಇದೇ ಕಾಲಾ?"

"ಹ್ಞೂಂ."

"ನೋವಿದೆಯಾ ಇನ್ನೂ?"

"ಇಲ್ಲ ಅತ್ತೆ. ಯಾವತ್ತೋ ವಾಸಿಯಾಯ್ತು."

"ನಿಂಗೇನೇ ಗೊತ್ತು" ಎಂದು ಗೊಣಗಿ, ಅವನ ತಲೆಯ ಮೇಲೆ ಕೆನ್ನೆ ಇಟ್ಟರು. ಸ್ವಲ್ಪ ಹೊತ್ತಿಗೆ, "ಈಗ ಕಾವು ಬಂತು, ಹೀಟರ್ ಆರಿಸು" ಎಂದರು. ಆರಿಸಿದೆ.

ಮರುದಿನ ಬೆಳಗ್ಗೆ ನನ್ನ ಕೈಯಿಂದ ಎರಡು ಚಮಚ ನೀರು ಕುಡಿದರು. ಮೂರನೆಯದು ಕೆನ್ನೆಯ ಮೇಲಿಂದ ಇಳಿದುಹೋಯಿತು.

ಜನ ಬಂದು ಹೋದರು. ಕೆಳಗಿನ ದರ್ಜಿ ಬಾಗಿಲ ಹೆಬ್ಬಾವನ್ನು ದಾಟಿ ಬರಲಾರದೆ ಅಲ್ಲೇ ನಿಂತು ಅತ್ತ. ಎಲ್ಲ ಮುಗಿದ ಮೇಲೆ, ಬಟ್ಟೆ ತಂದಿಟ್ಟು ಹೋದ ಮನೆಯವರಿಗೆ ಏನು ಹೇಳುವುದೆಂದು ತಿಳಿಯದೆ ನಾನೇ ಪೆಟ್ಟಿಗೆ ಹಚ್ಚಿದೆ. ಕರವಸ್ತ್ರಕ್ಕೆ ಬಂದರೂ ಸ್ವಿಚ್ಚು ಆರಿಸಲು ಮರೆತೆ.

ಇವತ್ತು ಅವರ ರಗ್ಗನ್ನು ಬಿಸಿಲಿಗೆ ಹಾಕಲು ಕೊಡವಿದೆ. ಮಡಿಕೆಯಿಂದ ಪೈಲ್ವಾನನ ಇನ್ನೊಂದು ಕಾಲುಚೀಲ ಬಿತ್ತು. ಆ ಸಂಜೆ ಅವನು ಅವರ ಎದೆಯ ಮೇಲೆ ಮಲಗಿದ್ದಾಗ ಕಳಚಿಕೊಂಡದ್ದು. ಅದಕ್ಕೆ ಮೊದಲೇ ಬಿದ್ದುಹೋಗಿದ್ದು ಆಮೇಲೆ ಸಿಕ್ಕಿತ್ತು; ಆ ಒಂಟಿ ಚೀಲ ಇಟ್ಟುಕೊಂಡು ಇಷ್ಟು ದಿನ ಮನೆಯೆಲ್ಲ ಹುಡುಕಿದ್ದೆ. ಅದನ್ನು ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು. ಅವರ ನೆನಪಿಗೆಂದು ಟ್ರಂಕಿನಲ್ಲಿ ಎತ್ತಿಡಬೇಕು ಅನಿಸಿತು. ಟ್ರಂಕಿನ ಮುಚ್ಚಳ ತೆರೆದೂ ಆಯಿತು.

ಪೈಲ್ವಾನ ಹಿಂದಿನಿಂದ ಕೂಗಿದ. ಚಳಿ ಇನ್ನೂ ಹೋಗಿಲ್ಲ. ತಂದು ಅವನ ಕಾಲಿಗೇ ಹಾಕಿದೆ.