ನುಂಗಿದ ತಿಂಗಳು

ಆ ವರ್ಷದ ಬಗ್ಗೆ ಕೇಳಿದರೆ ನನಗೆ ಮೊದಲು ನೆನಪಾಗುವುದು ದಣಿವು. ಗಬ್ಬೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ಎರಡು ಬಸ್ಸು ಬದಲಿಸಿ, ವಿದ್ಯಾನಗರದ ಶಾಲೆ ಮುಟ್ಟಿ, ಐದನೇ ಇಯತ್ತೆಯ ಮಕ್ಕಳ ಮುಂದೆ ಸಂಜೆಯವರೆಗೆ ನಿಲ್ಲುತ್ತಿದ್ದೆ. ಸಂಜೆ ಚಪ್ಪಲಿ ಬಿಚ್ಚಿದರೆ ಕಾಲಿನ ಮೇಲೆ ಅದರ ಪಟ್ಟಿ ಹಾಗೇ ಮೂಡಿರುತ್ತಿತ್ತು. ಬಸುರಿಗೆ ಕಾಲು ಬಾಯುವುದು ಇದ್ದದ್ದೇ ಎಂದು ಎಲ್ಲರೂ ಹೇಳಿದರು. ಬಸುರಿಗೆ ಎಲ್ಲವೂ ಇದ್ದದ್ದೇ. ತಲೆ ತಿರುಗಿದರೆ ಇದ್ದದ್ದೇ, ಕಣ್ಣು ಮಂಜಾದರೆ ಇದ್ದದ್ದೇ. ಆ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿತ್ತು, ಆದರೆ ರೇಗಲಿಕ್ಕೂ ಒಂದಿಷ್ಟು ಕಸುವು ಬೇಕಲ್ಲ.

ಅದು ನನ್ನ ಎರಡನೆಯ ಬಸುರು. ಹಿಂದಿನ ವರ್ಷ ಮೂರು ತಿಂಗಳು ತುಂಬಿದ ಖುಷಿಗೆ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದೆ. ಮರುವಾರ ಬಸುರು ಹೋಯಿತು. ಡಾಕ್ಟರು, "ಕೆಲವೊಮ್ಮೆ ನಿಲ್ಲೂದಿಲ್ಲ, ನಿಮ್ಮ ತಪ್ಪಲ್ಲ" ಎಂದರು. ಅತ್ತೆ ಮಾತ್ರ ಕಾರಣ ಕಂಡುಹಿಡಿದಿದ್ದರು. "ಪೇಢೆ ತಿಂದವ್ರ ಕೆಟ್ಟ ನೆದರು ಬಿತ್ತು. ಊರಿಗೆಲ್ಲಾ ಡಂಗುರಾ ಹೊಡಿ ಅಂತ ಯಾರ್ ಹೇಳಿದ್ರು ನಿನಗ?" ಎಂದರು. ಬೈಯುತ್ತಲೇ ನನ್ನ ತಲೆಗೆ ಬಿಸಿ ಎಣ್ಣೆ ತಿಕ್ಕಿದರು, ತಿಂಗಳಿಡೀ ನೀರಿನ ಕೊಡ ಎತ್ತಲು ಬಿಡಲಿಲ್ಲ. ನಮ್ಮ ಅತ್ತೆಯ ಪ್ರೀತಿ ಬೈಗುಳದ ಹಿಂದೆಯೇ ಬರುವಂಥದ್ದು.

ಹಾಗಾಗಿ ಈ ಸಲ ಗುಟ್ಟು. ನಾನು, ನನ್ನ ಗಂಡ, ಅತ್ತೆ, ಕೆಲಗೇರಿಯಲ್ಲಿದ್ದ ನನ್ನ ಅವ್ವ, ಹೊಟ್ಟೆ ಕಾಣುವವರೆಗೆ ಇಷ್ಟೇ ಜನಕ್ಕೆ ಗೊತ್ತಿತ್ತು. ಐದನೇ ತಿಂಗಳಲ್ಲಿ ಅವ್ವ ಕಳ್ಳಕುಬಸ ತಂದಳು. ಅದು ನಮ್ಮ ಕಡೆ ಇರುವ ಪದ್ಧತಿ: ಏಳನೇ ತಿಂಗಳ ದೊಡ್ಡ ಕುಬಸಕ್ಕೆ ಮೊದಲೇ ತವರಿನವರು ಸದ್ದಿಲ್ಲದೆ ಬಂದು, ಬಾಗಿಲು ಮುಂದೆ ಮಾಡಿ, ಹಸಿರು ಕುಬಸ ತೊಡಿಸಿ, ಬಳೆ ಇಡಿಸಿ, ಉಣ್ಣಿಸಿ ಹೋಗುತ್ತಾರೆ. ಅವ್ವ ಕರಿಗಡುಬಿನ ಡಬ್ಬಿಯ ಮೇಲೆ ಹಳೇ ಟವೆಲ್ ಹೊದಿಸಿ ತಂದಿದ್ದಳು. ಪಕ್ಕದ ಮನೆಯವರು ಕೇಳಿದ್ದಕ್ಕೆ ಅತ್ತೆ, "ಬೀಗತಿ ಉಪ್ಪಿನಕಾಯಿ ತಂದಾಳ್ರಿ" ಎಂದರಂತೆ. ಅವತ್ತು ಇಬ್ಬರೂ ಸೇರಿ ಹುಡುಗಿಯರ ಹಾಗೆ ಬಾಯಿಗೆ ಸೆರಗು ಹಚ್ಚಿ ನಕ್ಕರು.

ಆಸ್ಪತ್ರೆಯ ಲೆಕ್ಕ ಮಾತ್ರ ನನಗೆ ಮೊದಲಿನಿಂದ ತಾಳೆಯಾಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಮೊದಲ ಸಲ ಹೋದಾಗ ನರ್ಸು ನನ್ನ ಕೈಗೆ ಮೂತ್ರದ ಡಬ್ಬಿ ಕೊಟ್ಟು ಕಳಿಸಿದಳು. ಬರುವಷ್ಟರಲ್ಲಿ ಅತ್ತೆ ಒಳಗೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಮುಗಿಸಿದ್ದರು. ನಾನು ಎಂದು ಹೊರಗಾದೆ ಎನ್ನುವುದು ನನಗಿಂತ ಅವರ ಬಾಯಲ್ಲೇ ಇರುತ್ತಿತ್ತು, ಅದಕ್ಕೆ ನನಗೇನೂ ಅನಿಸಲಿಲ್ಲ. ಅವತ್ತು ಸ್ಕ್ಯಾನಿಂಗ್ ಮಾಡುವವರು ರಜೆ. "ಮುಂದಿನ ವಾರ ಬರ್ರಿ" ಎಂದರು. ಮುಂದಿನ ವಾರ ಅಮಾವಾಸ್ಯೆ ಎಂದು ಅತ್ತೆ ತಡೆದರು, ಅದರ ಮುಂದಿನ ವಾರ ನನಗೆ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಕೊನೆಗೆ ಸ್ಕ್ಯಾನಿಂಗ್ ಆದಾಗ ನನ್ನ ಲೆಕ್ಕದಲ್ಲಿ ಆರನೇ ತಿಂಗಳು. ಡಾಕ್ಟರು ಐದು ಎಂದರು. "ಕೂಸು ತಿಂಗಳಿಗೆ ತಕ್ಕಂಗ ಅದ, ಒಂದು ಗುಂಜಿ ಮುಂದನ ಅದ" ಎಂದು ನಕ್ಕರು. ಅತ್ತೆಯೂ ನಕ್ಕರು.

ಹೊರಗೆ ಬಂದು ಕೇಳಿದೆ, "ಅತ್ತಿ, ಇವ್ರು ಐದು ಅಂತಾರಲ್ಲ?"

"ಡಾಕ್ಟರ್ ಲೆಕ್ಕಾ ಬ್ಯಾರೆ ಇರ್ತೈತವ್ವಾ. ಅವ್ರು ಕೂಸು ಗಟ್ಟಿಯಾಗಿ ಕುಂತ ಮ್ಯಾಲ ಎಣಿಸ್ತಾರ. ನಿನಗ್ಯಾಕ ಬೇಕು ಆ ಉಸಾಬರಿ? ರಿಕ್ಷಾ ಬಂತು, ಹತ್ತು."

ಶಾಲೆಯಲ್ಲಿ ಒಬ್ಬ ಗೆಳತಿಯನ್ನು ಕೇಳಿದೆ. ಅವಳೂ, ಡಾಕ್ಟರುಗಳು ವಾರದಲ್ಲಿ ಎಣಿಸುತ್ತಾರೆ, ನಮ್ಮದಕ್ಕೂ ಅವರದಕ್ಕೂ ಎಂದೂ ಕೂಡುವುದಿಲ್ಲ ಎಂದಳು. ಯಂತ್ರವೇ ಅಳೆದು ಹೇಳಿದೆ, ಇರಲಿ ಎಂದು ಸುಮ್ಮನಾದೆ. ಏಳನೇ ತಿಂಗಳ ಕುಬಸವನ್ನು ಮನೆಯ ಲೆಕ್ಕಕ್ಕೇ ಮಾಡಿದರು, ಅದೂ ಮನೆಯೊಳಗೇ, ನಾಲ್ಕು ಜನರಲ್ಲಿ. ಹೀಗೆ ಮನೆಯಲ್ಲಿ ನನಗೆ ಒಂದು ತಿಂಗಳು, ಆಸ್ಪತ್ರೆಯಲ್ಲಿ ಇನ್ನೊಂದು.

ಮನೆಯ ಲೆಕ್ಕಕ್ಕೆ ಎಂಟು ತುಂಬಿ ಒಂಬತ್ತು ಹಿಡಿದಾಗ ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದವಳಿಗೆ ಬೋರ್ಡಿನ ಅಕ್ಷರ ಎರಡೆರಡಾಗಿ ಕಂಡವು. ಹೆಡ್ ಮೇಡಂ ನನ್ನ ಗಂಡನಿಗೆ ಫೋನ್ ಮಾಡಿಸಿದರು. ಅವರು ಬೈಪಾಸಿನ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅತ್ತೆಯನ್ನು ಕರೆದುಕೊಂಡು ಬಂದರು. ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸು ಇನ್ನೊಮ್ಮೆ ನೋಡಿದಳು, ಆಮೇಲೆ ಡಾಕ್ಟರನ್ನು ಕರೆದಳು. ಅಡ್ಮಿಟ್ ಆಯಿತು. ಮತ್ತೆ ಸ್ಕ್ಯಾನಿಂಗ್. ಈ ಸಲ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಕೂಸಿನ ಹೊಕ್ಕುಳಹುರಿಯಲ್ಲಿ ಹರಿಯುವ ರಕ್ತದ ಸದ್ದು ಕೇಳಿಸಿದರು. ಸುಂಯ್, ಸುಂಯ್ ಎಂದು ಬರುತ್ತಿತ್ತು. ನನಗದು ಕೇಳಲು ಚೆನ್ನಾಗಿಯೇ ಇತ್ತು. ಡಾಕ್ಟರ ಮುಖ ನೋಡಿದ ಮೇಲೆ ಚೆನ್ನಾಗಿ ಕೇಳಿಸಲಿಲ್ಲ.

ಅವರು ಸಾವಕಾಶವಾಗಿ ತಿಳಿಸಿ ಹೇಳಿದರು. ವಯಸ್ಸಾದ ಹೆಣ್ಣುಮಗಳು, ಎಂದೂ ಅವಸರ ಮಾಡಿದವರಲ್ಲ. "ನೋಡವ್ವಾ, ಕೂಸಿಗೆ ಊಟಾ ಉಸಿರು ಎಲ್ಲಾ ಮಾಸಿನಿಂದನ ಹೋಗಬೇಕು. ಮೊದಲಿನ ತಿಂಗಳಾಗನ ಅದು ಗರ್ಭಕೋಶದೊಳಗ ಆಳಕ್ಕ ಬೇರು ಬಿಡಬೇಕು. ನಿನಗ ಅಷ್ಟು ಆಳಕ್ಕ ಬಿಟ್ಟಂಗ ಕಾಣೂದಿಲ್ಲ. ಕೂಸು ದೊಡ್ಡದಾದಂಗ ಅದಕ್ಕ ಪೂರೈಸಾಕ ಆಗವಲ್ದು. ಅದಕ್ಕ ಬಿಪಿ, ಅದಕ್ಕ ಈ ಬಾವು."

ನನ್ನ ಗಂಡ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅವರಿಗೆಂದು ಡಾಕ್ಟರು ಮತ್ತೆ ಹೇಳಿದರು, "ನಳದಾಗ ನೀರು ಅದ, ಆದ್ರ ಮ್ಯಾಲಿನ ಟಾಕಿಗೆ ಏರುವಷ್ಟು ಒತ್ತಡ ಇಲ್ಲ. ತಿಳೀತೇನು?" ವಾರಕ್ಕೊಮ್ಮೆ ನೀರು ಬಿಡುವ ಊರಲ್ಲಿ ಇದು ಯಾರಿಗೆ ತಿಳಿಯುವುದಿಲ್ಲ? ಅವರು ತಲೆಯಾಡಿಸಿದರು.

"ಕೂಸು ಒಂದೂವರೆ ಕಿಲೋದ ಆಸುಪಾಸು ಅದ. ಏಳು ತುಂಬಿ ಎಂಟರಾಗ ಇರೋದಕ್ಕ ಅದು ಸಣ್ಣದೇನಲ್ಲ. ಈಗ ತಗದ್ರ ಪುಪ್ಪುಸ ಬಲಿತಿರೂದಿಲ್ಲ, ಉಸಿರಾಡೂದು ಕಠಿಣ. ಬಿಪಿಗೆ ಔಷಧಾ ಕೊಟ್ಟು, ದಿನಾ ನೋಡಿಕೋತ, ಎರಡು ಮೂರು ವಾರ ತಳ್ಳೂಣು." ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, "ಮಾಸು ಮಾತ್ರ ಯಾಕ ಇಷ್ಟು ಮುಪ್ಪಾದಂಗ ಕಾಣಾಕತ್ತೈತಿ ತಿಳೀವಲ್ದು" ಎಂದರು.

ನಾನು ಮಂಚದ ಮೇಲೆ ಮಲಗಿದ್ದೆ. ನನಗೆ ಬೇಕಾಗಿದ್ದು ಒಂದೇ: ಈ ಕೂಸು ಉಳಿಯಬೇಕು. ಹೋದ ವರ್ಷದ್ದು ಕೈಗೆ ಸಿಗದೇ ಹೋಗಿತ್ತು. ಇದು ಹೊಟ್ಟೆಯೊಳಗೆ ಒದ್ದಿತ್ತು, ಬಿಕ್ಕಳಿಸಿತ್ತು, ನಾನು ಎಡಕ್ಕೆ ಮಲಗಿದರೆ ಬಲಕ್ಕೆ ಸರಿದಿತ್ತು. ಎರಡು ವಾರವೇನು, ಎರಡು ತಿಂಗಳು ಮಲಗು ಎಂದರೂ ಮಲಗುತ್ತೇನೆ ಎಂದುಕೊಂಡೆ. ಆದರೆ ಬೆಳಗಿನಿಂದ ಅದರ ಒದೆತ ಕಡಿಮೆಯಾಗಿತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಡಾಕ್ಟರ್ರ, ಎರಡು ಮೂರು ವಾರ ಬ್ಯಾಡ್ರಿ."

"ಯಾಕ್ರೀ ಅಮ್ಮಾ? ಅವಸರ ಮಾಡಿದ್ರ ಕೂಸಿಗೇ ತ್ರಾಸು."

"ಇಲ್ರಿ. ಒಂದು ತಿಂಗಳು ನಾ ನುಂಗೀನ್ರಿ."

ಯಾರಿಗೂ ಅರ್ಥವಾಗಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. "ಮೊದಲನೇ ಸರ್ತಿ ಬಂದಾಗ ನಾ ಸುಳ್ಳು ಹೇಳೇನ್ರಿ. ಒಂದು ತಿಂಗಳು ಕಡಿಮಿ ಹೇಳೇನಿ. ನಿಮ್ಮ ಕೌಂಟರಿನ್ಯಾಗ ಕುಂತಾಳಲ್ರಿ, ನಮ್ಮ ಓಣಿ ಹುಡುಗಿ, ಆಕಿ ಬಾಯಾಗ ಏನೂ ನಿಂದ್ರೂದಿಲ್ರಿ. ಆಕಿಗೆ ಖರೇ ತಿಂಗಳು ಗೊತ್ತಾದ್ರ ಓಣಿಗೆಲ್ಲಾ ಗೊತ್ತಾಗತೈತಿ, ಹೋದ ವರ್ಷದಂಗ ನೆದರು ಬೀಳತೈತಿ ಅಂತ ಹೆದರಿದ್ನಿರಿ. ಈಕಿಗೆ ಎಂಟು ತುಂಬ್ಯಾವ್ರಿ. ಒಂಬತ್ತು ನಡದೈತ್ರಿ."

ಬಾಗಿಲಲ್ಲೇ ಆ ಕೌಂಟರಿನ ಹುಡುಗಿ ಫೈಲು ಹಿಡಿದು ನಿಂತಿದ್ದಳು. ಅತ್ತೆ ಅವಳನ್ನು ನೋಡಿಯೇ ಹೇಳಿದ್ದರು. ಡಾಕ್ಟರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ನಾನು ಕೊನೆಯ ಸಲ ಹೊರಗಾದ ದಿನ ಹೇಳಿ, ಡಾಕ್ಟರ ಲೆಕ್ಕ ಯಾವಾಗಲೂ ಹಿಂದೆ ಇರುತ್ತದೆಂದು ತಿಳಿದಿದ್ದೆ ಎಂದೆ. ಯಾರಾದರೂ ನನ್ನನ್ನೇ ಆ ತಾರೀಖು ಕೇಳಿದ್ದು ಅದೇ ಮೊದಲು.

"ಅಯ್ಯ ನಿಮ್ಮ!" ಎಂದರು ಡಾಕ್ಟರು, ಅತ್ತೆಗೆ. "ನಮ್ಮ ಲೆಕ್ಕಾ ನಿಮ್ಮದಕ್ಕಿಂತ ಎರಡು ವಾರ ಮುಂದ ಇರತೈತಿ ಹೊರತು ಹಿಂದ ಎಂದೂ ಇರೂದಿಲ್ಲ. ಕೂಸು ತಿಂಗಳಿಗೆ ತಕ್ಕಂಗ ಐತಿ ಅಂತ ನಾ ಖುಷಿಲೆ ಕುಂತೀನಿ. ಅದು ಒಂದು ತಿಂಗಳು ಹಿಂದ ಬಿದ್ದೈತಿ! ಒಳಗ ಉಪವಾಸ ಐತಿ ಅದು!" ಎರಡು ವಾರ ತಳ್ಳಿದ್ದರೆ ಏನಾಗುತ್ತಿತ್ತು ಎಂದು ನನ್ನ ಗಂಡ ಕೇಳಿದರು. ಡಾಕ್ಟರು ಹುಡುಗಿಯ ಕೈಯಿಂದ ಫೈಲು ಕಸಿದುಕೊಂಡರು. "ಪುಪ್ಪುಸ ಬಲಿತಿರತಾವ. ಇವತ್ತ ತಗೀತೇನಿ" ಎಂದು ನರ್ಸನ್ನು ಕೂಗುತ್ತ ಹೊರಟರು.

ಸ್ಟ್ರೆಚರಿನ ಮೇಲೆ ಹೋಗುವಾಗ ಅತ್ತೆ ನನ್ನ ಕೈ ಹಿಡಿಯಲು ಬಂದರು. ನಾನು ಕೈ ಎಳೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ಅವರ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹೊಟ್ಟೆ, ನನ್ನ ತಿಂಗಳು, ನನಗೇ ಸುಳ್ಳು.

ಮಗಳು ಹುಟ್ಟಿದಳು. ಅತ್ತಳು, ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ. ಒಂದೂವರೆ ಕಿಲೋ ಇದ್ದಳು. ಡಾಕ್ಟರು ಮಾಸನ್ನು ಬಟ್ಟಲಲ್ಲಿಟ್ಟು ತೋರಿಸಿದರು: ಅಂಗೈಗಿಂತ ತುಸು ದೊಡ್ಡದು, ಅಂಚಿನಲ್ಲಿ ಬಿಳಿಚಿಕೊಂಡು ಗಟ್ಟಿಯಾಗಿತ್ತು. "ಪಾಪ, ಇಷ್ಟರಾಗ ಇಷ್ಟು ದಿನಾ ದುಡದೈತಿ" ಎಂದರು. ನನಗೆ ಅದರ ಮೇಲೆ ವಿಚಿತ್ರವಾದ ಕನಿಕರ ಬಂತು. ಅದೂ ನನ್ನ ಹಾಗೇ ದಣಿದಿತ್ತು.

ಕೂಸನ್ನು ಸಣ್ಣ ಮಕ್ಕಳ ವಾರ್ಡಿಗೆ ಒಯ್ದರು. ಉಸಿರಾಟ ಸರಿ ಇದೆ, ಆದರೆ ಮೈ ತಣ್ಣಗಾಗುತ್ತಿದೆ, ತಾಯಿ ಬರಿಮೈಗೆ ಅಪ್ಪಿಕೊಂಡು ಕೂರಬೇಕು ಎಂದರು. ನನ್ನ ಬಿಪಿ ಇಳಿದಿರಲಿಲ್ಲ, ಏಳಲು ಬಿಡಲಿಲ್ಲ. ಆ ವಾರ್ಡು ಬಾಣಂತಿಯರದ್ದು, ಗಂಡಸರಿಗೆ ಪ್ರವೇಶವಿಲ್ಲ. ಅವ್ವ ನನ್ನ ಮಂಚ ಬಿಟ್ಟು ಕದಲುವ ಹಾಗಿರಲಿಲ್ಲ. ಕೊನೆಗೆ ಯಾರು ಹೋದರೆಂದು ನಾನು ಕೇಳಲೂ ಇಲ್ಲ.

ಬಿಪಿ ಇಳಿದ ಮೇಲೆ ನನ್ನನ್ನು ಗಾಲಿ ಕುರ್ಚಿಯಲ್ಲಿ ಕರೆದೊಯ್ದರು. ಉದ್ದನೆಯ ಹಾಲು, ಸಾಲಾಗಿ ಕುರ್ಚಿಗಳು. ಆಯಾಗಳು, ನರ್ಸುಗಳು, ನೋಡಲು ಬಂದವರ ಅತ್ತಿಂದಿತ್ತ ಓಡಾಟ. ನಡುವೆ ನಮ್ಮ ಅತ್ತೆ ಕೂತಿದ್ದರು. ಮಾವನ ಅಣ್ಣಂದಿರ ಮುಂದೆ ಇವತ್ತಿಗೂ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು, ಕುಬಸದ ಗುಂಡಿ ಬಿಚ್ಚಿ, ಜೋತ ಎದೆಯ ಮೇಲೆ ನನ್ನ ಮಗಳನ್ನು ಅವುಚಿಕೊಂಡು ಕೂತಿದ್ದರು. ಊಟಕ್ಕೂ ಸರಿಯಾಗಿ ಎದ್ದಿಲ್ಲ ಎಂದು ನರ್ಸು ಹೇಳಿದಳು. ಪಕ್ಕದ ಬಾಣಂತಿ ಬಗ್ಗಿ ಕೂಸನ್ನೇ ದಿಟ್ಟಿಸುತ್ತಿದ್ದಳು. ನರ್ಸು ಪರದೆ ಎಳೆಯಲು ಹೋದರೆ ಅತ್ತೆ, "ಇರ್ಲಿ ಬಿಡವ್ವಾ, ಎಳದಾಗೊಮ್ಮೆ ಸಪ್ಪಳಕ್ಕ ಕೂಸು ಬೆಚ್ಚಿ ಬೀಳತೈತಿ" ಎಂದರು.

ನಾನು ಏನೇನೋ ಹೇಳಬೇಕೆಂದು ಮಲಗಿದಲ್ಲೇ ಮಾತು ಜೋಡಿಸಿಟ್ಟಿದ್ದೆ. ಕುರ್ಚಿಯನ್ನು ಅವರ ಮಗ್ಗುಲಿಗೆ ತಳ್ಳಿಸಿಕೊಂಡೆ. ಸಿಟ್ಟು ಹೋಗಿತ್ತು ಎಂದಲ್ಲ. ಅದು ಈಗಲೂ ಅಷ್ಟಿಷ್ಟು ಇದೆ. ಆದರೆ ಆ ಸಣ್ಣ ಬೆನ್ನು ಅವರ ಉಸಿರಿನ ಜೊತೆ ಏರಿ ಇಳಿಯುತ್ತಿತ್ತು.

"ಕೊಡ್ರಿ ಅತ್ತಿ," ಎಂದೆ.

ಅವರು ಮೆಲ್ಲಗೆ ಕೂಸನ್ನು ನನ್ನೆದೆಗೆ ದಾಟಿಸಿದರು. ಬೆವರು, ಹಾಲು, ಅತ್ತೆಯ ಮೈಯ ಅರಿಶಿನ ಎಲ್ಲ ಸೇರಿದ ವಾಸನೆ ಅವಳಿಗಿತ್ತು. ಕುಬಸದ ಗುಂಡಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಅತ್ತೆ ಅಂದರು, "ನಾ ಮಾಡಿದ್ದು ನೀ ಮರೀಬ್ಯಾಡ. ಮರಿ ಅಂತ ನಾ ಕೇಳೂದಿಲ್ಲ. ಈ ಕೂಸಿಗೆ ಮಾತ್ರ ಹೇಳಬ್ಯಾಡ."

ಹೂಂ ಎಂದೆ. ಹೇಳಿಲ್ಲ, ಬರೆದಿದ್ದೇನೆ ಅಷ್ಟೇ; ಮಗಳಿಗೆ ಇನ್ನೂ ಓದಲು ಬರುವುದಿಲ್ಲ.