ಮೇಡಂ ಅಂಗಳದಲ್ಲಿ ನಿಲ್ಲಿಸಿದ ಮರ

ನಿನ್ನೆ ತಾರಿಹಾಳದ ನಮ್ಮ ಕಾರ್ಖಾನೆಯಲ್ಲಿ ಪಕ್ಕದ ಮೇಜಿನವರು ಲವಂಗ ಬಾಯಿಗೆ ಹಾಕಿಕೊಂಡರು. ಆ ವಾಸನೆ ಬಂದದ್ದೇ ತಡ, ಡಿಪ್ಲೊಮಾ ಕಾಲೇಜಿನ ನಮ್ಮ ಕಂಪ್ಯೂಟರ್ ಮೇಡಂ ನೆನಪಾದರು. ಗಂಟಲಿನ ಆಪರೇಶನ್ ಆದಮೇಲೆ ಅವರ ಬಾಯಲ್ಲಿ ಸದಾ ಲವಂಗ...

ಧಾರವಾಡದ ಮಿಶನ್ ಕಂಪೌಂಡಿನವರು. ಚರ್ಚಿನಲ್ಲಿ ಹಾಡುತ್ತಿದ್ದ ಅವರ ದನಿ ಆಪರೇಶನ್ನಿನಲ್ಲಿ ಹೋಯಿತು, ಉಳಿದದ್ದು ಪಿಸುಮಾತು. ರಜೆ ಮುಗಿಸಿ ಬಂದ ದಿನವೇ ಪ್ರಿನ್ಸಿಪಾಲರು ತರಗತಿಗೆ ಬಂದು, ಇನ್ನು ಮೇಡಂ ಗ್ರಂಥಾಲಯ ನೋಡಿಕೊಳ್ಳುತ್ತಾರೆ, ನಿಮಗೆ ಬೇರೆಯವರು ಕಲಿಸುತ್ತಾರೆ ಎಂದರು. ಮಾತಿನಲ್ಲಿ ಕನಿಕರವಿತ್ತು. ಮೇಡಂಗೆ ಬೇಡವಾಗಿದ್ದದ್ದೂ ಅದೇ. ಬೋರ್ಡಿನ ಮೇಲೆ ಬರೆದರು: "ಒಂದು ಪಾಠ ನೋಡ್ರಿ ಸರ್. ಆಮ್ಯಾಲೆ ಹೇಳ್ರಿ."

ಅಂದಿನ ಪಾಠ ಬೈನರಿ ಸರ್ಚ್ ಟ್ರೀ, ಅಂದರೆ ಬೇಗ ಹುಡುಕಲು ಆಗುವಂತೆ ಅಂಕಿಗಳನ್ನು ಕವಲುಕವಲಾಗಿ ಜೋಡಿಸಿಡುವ ಮರ. ನಮಗೆಲ್ಲ ಒಂದೊಂದು ಅಂಕಿಯ ಚೀಟಿ ಕೊಟ್ಟು, ಅಂಗಳದಲ್ಲಿ ಕವಲೊಡೆದ ಮರದ ಆಕಾರದಲ್ಲಿ ನಿಲ್ಲಿಸಿದರು. ಪ್ರತಿ ಅಂಕಿಯ ಎಡಕ್ಕೆ ಚಿಕ್ಕವು, ಬಲಕ್ಕೆ ದೊಡ್ಡವು. ಆಮೇಲೆ ನನ್ನನ್ನೂ ದೂರ ನಿಂತಿದ್ದ ಉಪ್ಪಿನಬೆಟಗೇರಿಯ ಗೆಳತಿಯನ್ನೂ ಅದಲುಬದಲು ಮಾಡಿ, ಎಡತುದಿಯಿಂದ ಬಲತುದಿಗೆ ಕೈ ಆಡಿಸಿದರು. ಅದೇ ಕ್ರಮದಲ್ಲಿ ನಾವು ಅಂಕಿ ಕೂಗಿದೆವು. ಮರ ಸರಿಯಿದ್ದರೆ ಅಂಕಿಗಳು ಏರುತ್ತಲೇ ಹೋಗಬೇಕು. ನಮ್ಮದು ಎರಡು ಕಡೆ ಇಳಿಯಿತು. ಮೊದಲ ಇಳಿತಕ್ಕೆ ಮುಂಚೆ ಕೂಗಿದವಳು ನಾನು, ಎರಡನೆಯ ಇಳಿತದಲ್ಲಿ ಕೂಗಿದವಳು ಗೆಳತಿ. ಸಿಕ್ಕಿಬಿದ್ದೆವು.

ಎಲ್ಲರನ್ನೂ ಚದುರಿಸಿ ಮತ್ತೆ ಮೊದಲಿನಿಂದ ನಿಲ್ಲಿಸಬಹುದಲ್ಲ ಎಂದರು ನೋಡುತ್ತ ನಿಂತಿದ್ದ ಪ್ರಿನ್ಸಿಪಾಲರು. ಮೇಡಂ ಅವರ ಹತ್ತಿರ ಹೋದರು. ಅಂಗಳ ಎಷ್ಟು ಸುಮ್ಮನಿತ್ತೆಂದರೆ ಆ ಪಿಸುಮಾತು ನಮಗೂ ಕೇಳಿಸಿತು.

"ಮರ ಕೆಟ್ಟಿಲ್ರಿ ಸರ್. ಎರಡು ಅಂಕಿ ಜಾಗಾ ತಪ್ಪ್ಯಾವ, ಅಷ್ಟ. ನನ್ನ ಜಾಗಾನೂ ತಪ್ಪಸಬ್ಯಾಡ್ರಿ."

ಉತ್ತರಕ್ಕೆ ಮೇಡಂ ಕಾಯಲಿಲ್ಲ. ನಮ್ಮನ್ನು ಲ್ಯಾಬಿಗೆ ಕರೆದೊಯ್ದು, ಅಂಗಳದಲ್ಲಿ ಮಾಡಿದ್ದನ್ನೇ ಕೋಡ್ ಆಗಿ ಬರೆಸಿದರು. ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು ಈಗಿನದರ ಜೊತೆ ಹೋಲಿಸಬೇಕು, ತಪ್ಪಿದ ಎರಡನ್ನು ಹಿಡಿದು ಅದಲುಬದಲು ಮಾಡಬೇಕು. ನನ್ನ ಪರದೆಯ ಮೇಲೆ ಅಂಕಿಗಳು ಏರುಕ್ರಮದಲ್ಲಿ ಮೂಡಿದಾಗ ಮೇಡಂ ನನ್ನ ಬೆನ್ನು ತಟ್ಟಿದ್ದು ಇನ್ನೂ... ಗ್ರಂಥಾಲಯದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಿವೃತ್ತಿಯವರೆಗೂ ಅವರು ತರಗತಿಯಲ್ಲೇ ಕಲಿಸಿದರು.

ಈ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಮಾತನಾಡಿದವರೆಲ್ಲ ಅವರ ಸಹನೆಯನ್ನು ಹೊಗಳಿದರು. ಬಂದದ್ದನ್ನೆಲ್ಲ ಸುಮ್ಮನೆ ತಡೆದುಕೊಂಡರು ಎಂದರು. ನನಗೆ ಕೂರಲಾಗಲಿಲ್ಲ.

"ಅವರು ತಡ್ಕೊಳ್ಳಲಿಲ್ರಿ," ಎಂದೆ ಎದ್ದು ನಿಂತು. "ಒಪ್ಪಲಿಲ್ಲ."

ಒಂದಿಬ್ಬರು ತಿರುಗಿ ನೋಡಿದರು. ನೋಡಲಿ. ಆ ಮಾತನ್ನು ನಾನು ಇವತ್ತಿಗೂ ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ಕೇಳಿ ನಗಲು ಅವರೇ ಇಲ್ಲವಲ್ಲ...