ಮೊಳೆಗೆ ನೇತುಹಾಕಿದ್ದ ಗಿಟಾರು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ, ‘ನಿಮಗೆ ಬೇರೆ ಕೆಲಸ ಇಲ್ಲವೇ’ ಎಂದು ಎದ್ದುಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಗುವವರು ನಗಲಿ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತೂ ಹೋಯಿತು. ಏಳು ತಿಂಗಳು ಅವರ ಬಾಯಿಂದ ಒಂದು ‘ಹೂಂ’ ಕೂಡ ಬರಲಿಲ್ಲ. ತಿಪಟೂರಿನ ಡಾಕ್ಟರು, “ಅವರಿಗೆ ಇಷ್ಟವಾದದ್ದನ್ನು ಕೇಳಿಸಿ, ಮಾತು ಬಂದರೂ ಬರಬಹುದು” ಎಂದರು.

ಅಪ್ಪನಿಗೆ ಪ್ರಾಣವೆಂದರೆ ಅವರು ಹರೆಯದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಯಾರೋ ಬಳಸಿದ್ದನ್ನು ಕೊಂಡು ತಂದಿದ್ದ ಗಿಟಾರು. ಪಿಟೀಲಿನ ಹಾಗೆ ಉಬ್ಬಿದ ಮೈ. ತಂತಿ ಆರಲ್ಲ, ನಾಲ್ಕೇ. ಕೊಬ್ಬರಿ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದು ಅದರ ಅಂಚೆಲ್ಲ ಬಾಯಿಬಿಟ್ಟಿತ್ತು. ಇಳಿಸಿ, ನೊಣವಿನಕೆರೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಆಚಾರಿಯ ಹತ್ತಿರ ಒಯ್ದೆ. ಅವರು ಮೂಸಿ ನೋಡಿ, “ಇದೇನವ್ವ, ಗಿಟಾರಿಗೂ ಎಣ್ಣೆ ನೀರು ಹಾಕಿದೀರಾ? ಅಂಟು ಹೆಂಗ್ ಹಿಡೀತದೆ?” ಎಂದು ನಕ್ಕರು. ಮರ ಒಣಗಿ ಸೀಳಬಾರದೆಂದು ಅಮ್ಮ ಪ್ರತಿ ಯುಗಾದಿಗೂ ಕೊಬ್ಬರಿ ಎಣ್ಣೆ ತಿಕ್ಕಿದ್ದಳಂತೆ! ನಮ್ಮ ಸೀಮೆಯಲ್ಲಿ ತಲೆನೋವಿನಿಂದ ಹಿಡಿದು ಕಿರುಗುಟ್ಟುವ ಬಾಗಿಲಿನವರೆಗೆ ಎಲ್ಲಕ್ಕೂ ಅದೇ ಮದ್ದು.

ಆಚಾರಿ ಸೀಮೆಸುಣ್ಣದ ಪುಡಿ ಮೆತ್ತಿ ಮೆತ್ತಿ ಎಣ್ಣೆ ಹೀರಿಸಿ, ಅಂಟು ಹಾಕಿ, ಹೊಸ ತಂತಿ ಏರಿಸಿ ತಿಂಗಳ ಮೇಲೆ ಕೊಟ್ಟರು. “ಮೂರ್ ದಿನ ತಂತಿ ಬಿಗೀಬ್ಯಾಡಿ. ಇದರ ಶ್ರುತಿ ನಂಗೂ ಗೊತ್ತಿಲ್ಲ ಕಣವ್ವ, ನಿಮ್ಮಪ್ಪಾರೇ ಹೇಳ್ಬೇಕು” ಎಂದರು. ಅಪ್ಪ ಹೇಳುವಂತಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ತಂತಿ ಸಡಿಲವಿದ್ದ ಹಾಗೇ ನಡುಮನೆಯ ಮೊಳೆಗೆ ನೇತುಹಾಕಿದೆ. ನಾಲ್ಕನೆಯ ದಿನ ಮಧ್ಯಾಹ್ನ ನಾನೂ ಅಮ್ಮನೂ ತೆಂಗಿನಕಾಯಿ ಕೀಳಿಸಲು ತೋಟಕ್ಕೆ ಹೋದೆವು. ಅಪ್ಪ ಮಂಚದ ಮೇಲೆ ನಿದ್ದೆಯಲ್ಲಿದ್ದರು. ಬೀಗ ಹಾಕಿದವಳು ನಾನೇ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಗಂಟೆಯೊಳಗೆ ವಾಪಸು ಬಂದು, ಏನಾದರಾಗಲಿ ಬಿಗಿದು ನೋಡೋಣವೆಂದು ಗಿಟಾರು ಇಳಿಸಿದೆ. ತಂತಿಗಳು ಆಗಲೇ ಬಿಗಿಯಾಗಿದ್ದವು. ಮೀಟಿದೆ. ಚಿಕ್ಕಂದಿನಲ್ಲಿ ಕೇಳುತ್ತಿದ್ದ ಅದೇ ನಾದ! ಅಮ್ಮನ ಕಡೆ ತಿರುಗಿದೆ.

“ನೀನೇನಾದ್ರೂ ಮುಟ್ಟಿದ್ಯೇನಮ್ಮ?”

“ಅಯ್ಯೋ ಶಿವನೇ, ನಾನು ನಿನ್ ಜೊತೇಲೇ ಇದ್ನಲ್ಲೇ!”

ಅಪ್ಪನೇ ಎದ್ದರು ಎನ್ನೋಣವೇ? ಅವರ ಮಗ್ಗುಲು ಬದಲಿಸಲೂ ನಾವಿಬ್ಬರು ಬೇಕಿತ್ತು. ಆ ಮೊಳೆಯೋ, ಸ್ಟೂಲಿಲ್ಲದೆ ನನಗೇ ಎಟುಕದು. ಆಮೇಲೆ ಆಚಾರಿಯನ್ನೂ ಕೇಳಿದೆ. ನಮ್ಮೂರ ಕಡೆ ತಲೆ ಹಾಕಿಯೇ ಇಲ್ಲವೆಂದು ಆಣೆ ಮಾಡಿದರು.

ಆ ಹೊತ್ತಿಗೆ ಮಾತ್ರ ಇದಾವುದನ್ನೂ ಯೋಚಿಸಲಾಗಲಿಲ್ಲ. ಅಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ತುಟಿ ಅದುರಿತು. “ಶ್ರುತಿ... ಸರ್ಯಾಗ್... ಕೂಡ್ಸಿದೀಯ ಕಣವ್ವ” ಎಂದರು.

ಅಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಅಪ್ಪ ಮುಂದೆ ಆರು ವರ್ಷ ಬದುಕಿದರು, ಮಾತಾಡಿಕೊಂಡು, ಮನೆಮಂದಿಯನ್ನೆಲ್ಲ ಬೈದುಕೊಂಡು. ಆದರೆ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನಾನು ಮಾಡದ ಕೆಲಸಕ್ಕೆ. ಆವತ್ತು ನಾನಲ್ಲ ಎನ್ನದೆ, “ಹೂಂ ಅಪ್ಪಾ” ಎಂದುಬಿಟ್ಟೆ.